ವರ್ಷಕ್ಕೊಮ್ಮೆ ಫಸಲು, ವಾರಕ್ಕೊಮ್ಮೆ ಕಂತು

ಹಳ್ಳಿಯಲ್ಲಿ ಬದುಕು ಅಗ್ಗ ಎಂದು ನಂಬಿದವರು ಕೂಡ್ಲಿಗಿ ಸೀಮೆಯ ಕಿರಾಣಿ ಅಂಗಡಿಗಳ ಉದ್ರಿ ಪುಸ್ತಕವನ್ನೊಮ್ಮೆ ತಿರುವಿ ಹಾಕಬೇಕು. ಹೊಲದಲ್ಲಿ ಶೇಂಗಾ ಬೆಳೆಯುವ ಮನೆಯವರೇ ಅಲ್ಲಿ ಪಾಮ್ ಆಯಿಲ್ ಪಾಕೆಟ್ ಬರೆಸಿರುತ್ತಾರೆ. ಬೀಜ–ಗೊಬ್ಬರದ ಸಾಲ ಬಾಗಿಲಲ್ಲೇ ನಿಂತಿರುವುದರಿಂದ ಶೇಂಗಾ ಕಿತ್ತ ಕೂಡಲೇ ಮಾರುಕಟ್ಟೆ ಸೇರುತ್ತದೆ. ಗಾಣಕ್ಕೆ ಒಯ್ಯಲು ಉಳಿಯುವುದು ಅಷ್ಟಕ್ಕಷ್ಟೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಖಾದ್ಯತೈಲದ ಆಮದು ಸುಂಕ ಏರಿಸಿದಾಗ ಎಣ್ಣೆಕಾಳು ರೈತರ ಹಿತಕ್ಕೆಂದು ಹೇಳಿತು. ಪಾಕೆಟ್ ಎಣ್ಣೆ ತುಟ್ಟಿಯಾಯಿತು, ಶೇಂಗಾ ದರ ಜೊತೆಗೆ ಏರಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವ ಐದು ತಾಲ್ಲೂಕುಗಳಿವು. ಹರಪನಹಳ್ಳಿಯ ಕಥೆಯಂತೂ ವಿಚಿತ್ರ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಸಂವಿಧಾನದ 371(ಜೆ) ವಿಧಿಯ ಸವಲತ್ತಿಗಾಗಿ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು, ಮೂರೇ ವರ್ಷದಲ್ಲಿ ಮತ್ತೊಂದು ಜಿಲ್ಲೆ ಸೇರಿತು. ಕಾಯಿಲೆ ಬಿದ್ದರೆ ಜನ ಈಗಲೂ ಬಸ್ಸು ಹತ್ತುವುದು ಹತ್ತಿರದ ದಾವಣಗೆರೆಗೇ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಕೂಡ್ಲಿಗಿ, ಹರಪನಹಳ್ಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು.

ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿಗಳ ನೆಲವನ್ನು ಮುಳುಗಿಸಿ ನಿಂತಿದೆ. ಅದೇ ಅಣೆಕಟ್ಟಿನ ಕಾಲುವೆಗಳು ಮಾತ್ರ ಕೊಪ್ಪಳ, ರಾಯಚೂರು, ಬಳ್ಳಾರಿ, ಆಂಧ್ರದತ್ತ ಹರಿಯುತ್ತವೆ. ಕೂಡ್ಲಿಗಿಯ 74 ಕೆರೆಗಳಿಗೆ ನದಿ ನೀರು ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ಕಾದರು. ಉಳಿದಂತೆ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ಮಳೆ ಕೈಕೊಟ್ಟ 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು.

ಮಳೆ ಬಂದರೂ ಲೆಕ್ಕ ಸರಿಹೋಗುತ್ತದೆಯೇ? 2025–26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ನವೆಂಬರಿನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ದರ 1,800ಕ್ಕೂ ಕೆಳಗಿಳಿದು ರೈತರು ಬೀದಿಗಿಳಿದರು. ಎರಡು ಎಕರೆಯಲ್ಲಿ 30 ಕ್ವಿಂಟಲ್ ಬೆಳೆದು 1,800ಕ್ಕೆ ಮಾರಿದವರನ್ನೇ ತೆಗೆದುಕೊಳ್ಳಿ, ಕ್ವಿಂಟಲಿಗೆ 600ರಂತೆ 18,000 ರೂಪಾಯಿ ಖೋತಾ. ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಯೋಜನೆಯ ಒಂಬತ್ತು ತಿಂಗಳ ಹಣಕ್ಕೆ ಇದು ಸಮ! ಸರ್ಕಾರ ತಾಯಿಯ ಖಾತೆಗೆ ಹಾಕಿದ್ದನ್ನು ಮಾರುಕಟ್ಟೆ ಅಪ್ಪನ ಜೇಬಿನಿಂದ ತೆಗೆದುಕೊಂಡಂತಾಯಿತು.

ಹಾಗೆಂದು ಸರ್ಕಾರದ ಗ್ಯಾರಂಟಿ ಯೋಜನೆಗಳನ್ನು ಹಗುರವಾಗಿ ಕಾಣುವಂತಿಲ್ಲ. ಆ ಎರಡು ಸಾವಿರದಲ್ಲೇ ಸಂಘದ ಸಾಲದ ಕಂತು ಕಟ್ಟುವ, ಮಕ್ಕಳ ಶಾಲೆಯ ಖರ್ಚು ತೂಗಿಸುವ ತಾಯಂದಿರಿದ್ದಾರೆ. ಆದರೆ ಹಣ ಎರಡು–ಮೂರು ತಿಂಗಳು ತಡವಾದರೂ ಕಂತಿನವರು ವಾರ ತಪ್ಪಿಸುವುದಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತೆಂದರೆ ಈ ಸಾಲದ ಬಿಗಿ ಎಷ್ಟಿತ್ತೆಂದು ಊಹಿಸಬಹುದು. ಗ್ಯಾರಂಟಿಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ. ಪಕ್ಕದಲ್ಲಿ ಕೂತ ಗಂಡನಿಗೆ ಅದೇ ವರ್ಷದ ಜನವರಿಯಿಂದ ಶೇ 15ರಷ್ಟು ಹೆಚ್ಚು ದರ. ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ ನಾಲ್ಕು ರೂಪಾಯಿ, ಸಿಲಿಂಡರಿಗೆ 50 ರೂಪಾಯಿ ಏರಿತು.

ಹಡಗಲಿಯ ಮಲ್ಲಿಗೆ ಬೆಳೆಗಾರರದು ಇನ್ನೊಂದು ಬಗೆಯ ಪಾಡು. ಭೌಗೋಳಿಕ ಸೂಚಿಕೆಯ ಹೆಗ್ಗಳಿಕೆಯಿರುವ ಹೂವಿದು. ಬೆಳಕು ಹರಿಯುವ ಮುಂಚೆಯೇ ಮನೆಮಂದಿಯೆಲ್ಲ ಗಿಡಗಳ ಮೇಲೆ ಬಾಗಿ ಮೊಗ್ಗು ಬಿಡಿಸಬೇಕು, ಅರಳುವ ಮೊದಲೇ ತೂಕಕ್ಕೆ ಹಾಕಬೇಕು. ದರ ಬಿತ್ತೆಂದು ನಾಳೆಗಿಡಲು ಅದೇನು ಜೋಳವಲ್ಲ. ಹಬ್ಬ, ಮದುವೆಗಳ ದಿನ ಕೈತುಂಬ ಕಾಸು, ಮರುದಿನ ಬಿಡಿಸಿದ ಕೂಲಿಯೂ ಹುಟ್ಟದಿರಬಹುದು. ಹಾಗಿದ್ದರೂ ಹಂಗಾಮಿನಲ್ಲಿ ನಿತ್ಯ ಕೈಗೆ ಕಾಸು ಕಾಣಿಸುವ ಬೆಳೆ ಈ ಭಾಗದಲ್ಲಿ ಅಪರೂಪವೇ.

ಹೊಲವೂ ಹೂವೂ ಇಲ್ಲದವರಿಗೆ ಗುಳೆ. ಸುಗ್ಗಿ ಮುಗಿಯುತ್ತಿದ್ದಂತೆ ತಾಂಡಾಗಳಿಂದ ಹಿಟ್ಟಿನ ಚೀಲ, ಪಾತ್ರೆ, ತಾಡಪಾಲು ಹೇರಿಕೊಂಡು ಲಾರಿಗಳು ಕಬ್ಬಿನ ಸೀಮೆಗೆ, ಕಾಫಿ ತೋಟಗಳಿಗೆ ಹೊರಡುತ್ತವೆ. ಮೇಸ್ತ್ರಿಯಿಂದ ಮೊದಲೇ ಪಡೆದ ಮುಂಗಡ ಹಿಂದಿನ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತದೆ. ಹಾಗಾಗಿ ಅಲ್ಲಿ ದುಡಿಯುವುದು ಹಳೆಯ ಸಾಲ ತೀರಿಸಲು. ಊರಲ್ಲೇ ಉಳಿದರೆ ಉದ್ಯೋಗ ಖಾತ್ರಿಯ ಕೂಲಿ 2025–26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ನೂರು ದಿನ ಪೂರ್ತಿ ಸಿಕ್ಕರೆ 37,000. ಮುಂಗಡದ ದುಡ್ಡು ಇಡಿಯಾಗಿ ಕೈಗೆ ಬರುತ್ತದೆ, ಖಾತ್ರಿಯದು ಬಿಡಿಬಿಡಿಯಾಗಿ. ತುರ್ತಿನಲ್ಲಿರುವವರು ಯಾವುದನ್ನು ಹಿಡಿದಾರು?

ಮೆಕ್ಕೆಜೋಳ ಕಟಾವಿಗೆ ಬರುವ ತಿಂಗಳು ಎಲ್ಲರಿಗೂ ಗೊತ್ತು, ಬೆಂಬಲ ಬೆಲೆ ಬಿತ್ತನೆಯ ಹೊತ್ತಿಗೇ ಘೋಷಣೆಯಾಗುತ್ತದೆ. ಖರೀದಿ ಕೇಂದ್ರಗಳು ಮಾತ್ರ ರೈತರು ರಸ್ತೆ ತಡೆದ ಮೇಲೆ ಚರ್ಚೆಗೆ ಬರುತ್ತವೆ. ಐದೂ ತಾಲ್ಲೂಕುಗಳಲ್ಲಿ ದೀಪಾವಳಿಗೆ ಮುಂಚೆಯೇ ಅವನ್ನು ತೆರೆದಿಡುವಂತೆ ಇಲ್ಲಿನ ಶಾಸಕರು ಈ ಮುಂಗಾರಿನಲ್ಲೇ ಸರ್ಕಾರದ ಬೆನ್ನು ಹತ್ತಬೇಕು.