ಮಂಚದ ಗವಸಿಗೆ ಮೊದಲ ನೀರು

ಸೀರೆಗೆ ಫಾಲ್ ಹಾಕಲು ಕೊಟ್ಟರೆ ಜಯನಗರ ನಾಲ್ಕನೇ ಬ್ಲಾಕಿನ ಟೈಲರ್ ಆಗಲಿ, ಬನಶಂಕರಿಯಲ್ಲಿ ಮನೆಯಲ್ಲೇ ಹೊಲಿಯುವ ಹೆಂಗಸರಾಗಲಿ ಫಾಲಿನ ಹತ್ತಿ ಪಟ್ಟಿಯನ್ನು ಮೊದಲು ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳುತ್ತಾರೆ. ರವಿಕೆಯ ಲೈನಿಂಗಿಗೂ ಇದೇ ಉಪಚಾರ. ಇಷ್ಟು ಎಚ್ಚರ ಇರುವ ಮನೆಗಳಲ್ಲೂ ಮಂಚದ ತಲೆಕಡೆ ಹಲಗೆಗೆ ಗವಸು ಹೊಲಿಯುವಾಗ ಮಾತ್ರ ಅಂಗಡಿಯಿಂದ ತಂದ ಬಟ್ಟೆಗೆ ನೇರ ಕತ್ತರಿ ಬೀಳುವುದುಂಟು. ಕುಗ್ಗುವ ಲೆಕ್ಕ ಹೆಚ್ಚು ಕಾಡುವುದು ಇಲ್ಲೇ.

ಹತ್ತಿ ಬಟ್ಟೆ ನೀರಲ್ಲಿ ಕುಗ್ಗುತ್ತದೆ ಎನ್ನುತ್ತೇವೆ. ಆದರೆ ನೀರಿಗೆ ಬಿದ್ದ ಹತ್ತಿಯ ನಾರು ಕುಗ್ಗುವುದಿಲ್ಲ, ಉಬ್ಬುತ್ತದೆ. ನಾರಿನ ಸೆಲ್ಯುಲೋಸ್ ಅಣುಸರಪಳಿಗಳು ಬಹುತೇಕ ಅದರ ಉದ್ದಕ್ಕೇ ಸಾಗಿರುವುದರಿಂದ, ನೀರು ನಡುವೆ ನುಗ್ಗಿದಾಗ ನಾರು ಉದ್ದವಾಗುವುದು ಅತ್ಯಲ್ಪ, ದಪ್ಪವಾಗುವುದೇ ಹೆಚ್ಚು. ಇನ್ನು ನೇಯ್ಗೆಯಲ್ಲಿ ಹಾಸಿನ ಎಳೆ ಹೊಕ್ಕಿನ ಎಳೆಗಳ ಮೇಲೆ ಕೆಳಗೆ ಏರಿಳಿಯುತ್ತಾ ಸಾಗುತ್ತದೆ. ಹೊಕ್ಕು ದಪ್ಪವಾದರೆ ಅದನ್ನು ಬಳಸಿಕೊಂಡು ಹೋಗಲು ಹಾಸಿನ ಎಳೆಗೆ ಹೆಚ್ಚು ಉದ್ದ ಬೇಕು. ಅದು ಬರುವುದು ಬಟ್ಟೆಯ ಉದ್ದದಿಂದಲೇ: ಹೊಕ್ಕಿನ ಎಳೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ, ಬಟ್ಟೆ ಗಿಡ್ಡವಾಗುತ್ತದೆ. ಜೊತೆಗೆ ಮಗ್ಗದಲ್ಲಿ ಹಾಸನ್ನು ಬಿಗಿಯಾಗಿ ಎಳೆದು ನಿಲ್ಲಿಸಿರುತ್ತಾರೆ. ಆ ಬಿಗಿತವೂ ಗಂಜಿಯೂ ಬಟ್ಟೆಯಲ್ಲೇ ಉಳಿದಿರುತ್ತವೆ. ನೀರು ಎರಡನ್ನೂ ಸಡಿಲಿಸುತ್ತದೆ. ಒಣಗಿದಾಗ ನಾರು ಮತ್ತೆ ತೆಳ್ಳಗಾದರೂ ಎಳೆಗಳು ಹಳೆಯ ಜಾಗಕ್ಕೆ ಮರಳುವುದಿಲ್ಲ. ಎಳೆದು ಹಿಡಿಯಲು ಈಗ ಮಗ್ಗ ಇಲ್ಲವಲ್ಲ.

ಈ ಕುಗ್ಗುವಿಕೆಯನ್ನು ಗಿರಣಿಯಲ್ಲೇ ಮುಗಿಸುವ ಯಂತ್ರಕ್ಕೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರಲ್ಲಿ ಪೇಟೆಂಟ್ ಪಡೆದರು. ತೇವದ ಬಟ್ಟೆಯನ್ನು ದಪ್ಪ ಪಟ್ಟಿಯೊಂದರ ಮೇಲೆ ಹಾಯಿಸಿ ಉದ್ದದ ದಿಕ್ಕಿನಲ್ಲಿ ಒತ್ತರಿಸುವುದು ಅದರ ಉಪಾಯ. ಕೈಮಗ್ಗದ ಬಟ್ಟೆ ತಂದವರಿಗೆ ಬಕೆಟ್ಟೇ ಗತಿ.

ಆರಡಿ ಮಂಚವೆಂದರೆ ತಲೆಕಡೆ ಹಲಗೆಯ ಅಗಲ 72 ಇಂಚು. ಬಟ್ಟೆಯ ಪನ್ನ 44 ಇಂಚಿದ್ದರೆ, ನಡುವೆ ಜೋಡು ಕಾಣಬಾರದೆಂದು ಬಟ್ಟೆಯನ್ನು ಅಡ್ಡ ತಿರುಗಿಸಿ ಹಾಕುತ್ತೇವೆ. ಆಗ ಸಾಮಾನ್ಯವಾಗಿ ಹೆಚ್ಚು ಕುಗ್ಗುವ ಹಾಸಿನ ದಿಕ್ಕೇ ಹಲಗೆಯ ಅಗಲಕ್ಕೆ ಬೀಳುತ್ತದೆ. ಶೇಕಡಾ 4ರಷ್ಟು ಕುಗ್ಗಿತೆಂದುಕೊಂಡರೂ 3 ಇಂಚಿನ ಹತ್ತಿರ ಮಾಯ. ದಿಂಬಾದರೆ ಮುದುಡಿ ಹೊಂದಿಕೊಳ್ಳುತ್ತದೆ, ತೇಗದ ಹಲಗೆ ಜಗ್ಗುವುದಿಲ್ಲ.

ಹಲಗೆಯ ಮೇಲಂಚು ಕಮಾನಾಗಿದ್ದರೆ ಪೈಪಿಂಗ್ ಪಟ್ಟಿಯನ್ನು ಕ್ರಾಸ್ ಕತ್ತರಿಸಬೇಕು. 45 ಡಿಗ್ರಿ ಓರೆಯಲ್ಲಿ ಎಳೆದಾಗ ನೂಲು ಹಿಗ್ಗಬೇಕಾಗಿಲ್ಲ, ನೇಯ್ಗೆಯ ಚೌಕಗಳು ವಾಲಿದರೆ ಸಾಕು. ಓರೆ ಪಟ್ಟಿ ತಿರುವಿನಲ್ಲಿ ಸುಕ್ಕಾಗದೆ ಕೂರುವುದು ಹಾಗೆ.

ಇಷ್ಟೆಲ್ಲ ತಾಪತ್ರಯ ಬೇಡವೆಂದು ಪಾಲಿಯೆಸ್ಟರಿಗೆ ಹೋಗುವವರಿದ್ದಾರೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಸುಮಾರು 0.4. ನೀರೇ ಒಳಗೆ ಹೋಗದಿದ್ದರೆ ಉಬ್ಬುವ ಮಾತೆಲ್ಲಿ? ಆದರೆ ನೀರನ್ನು ದೂರವಿಡುವ ಆ ಗುಣವೇ ಎಣ್ಣೆಯನ್ನು ಹತ್ತಿರ ಸೇರಿಸುತ್ತದೆ. ಗವಸು ಹೊಲಿಸುವುದೇ ಒರಗುವ ತಲೆಯ ಎಣ್ಣೆಗಾಗಿ ಎಂದಮೇಲೆ ನನ್ನ ಮತ ಹತ್ತಿಗೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗು ಸಾಮಾನ್ಯವಾಗಿ 15-16 ಡಿಗ್ರಿ. ಬಾಟಲಿಯಲ್ಲಿ ಹೆಪ್ಪುಗಟ್ಟಿದ ಎಣ್ಣೆ ನೂಲಿನ ಸಂದಿಯಲ್ಲೂ ಹೆಪ್ಪುಗಟ್ಟಿರುತ್ತದೆ. ತಣ್ಣೀರಲ್ಲಿ ಎಷ್ಟು ಉಜ್ಜಿದರೂ ಸೋಪಿನ ಅಣುಗಳಿಗೆ ಅದನ್ನು ಹನಿಹನಿಯಾಗಿ ಬಿಡಿಸಿ ತೆಗೆಯುವುದು ಕಷ್ಟ. ಬಿಸಿನೀರು ಬೇಕು. ಕೊಬ್ಬರಿ ಎಣ್ಣೆಯ ಕೊಬ್ಬು ಶೇಕಡಾ 90ರ ಆಸುಪಾಸು ಸ್ಯಾಚುರೇಟೆಡ್ ಆದ್ದರಿಂದ ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಸಿಗದು. ಬಟ್ಟೆಯನ್ನು ಹಳದಿಗೆ ತಿರುಗಿಸುವುದರಲ್ಲಿ ನಮ್ಮ ಚರ್ಮವೇ ಸುರಿಸುವ ಜಿಡ್ಡಿನ ಪಾಲು ದೊಡ್ಡದು. ಅದರಲ್ಲಿರುವ ಸ್ಕ್ವಾಲೀನ್ ಬೇಗ ಉತ್ಕರ್ಷಣಗೊಳ್ಳುತ್ತದೆ. ಎಣ್ಣೆ ಹಚ್ಚದವರ ಹಲಗೆಯೂ ಕೊಳೆಯಾಗುವುದು ಇದರಿಂದ.

ಕಾಲುಕಡೆ ಹಲಗೆಗೆ ಈ ಕಾಟವಿಲ್ಲ. ಸವೆದ ರೇಷ್ಮೆ ಸೀರೆಯಿಂದ ಗವಸು ಮಾಡುವ ಆಸೆ ಇದ್ದರೆ ಅಲ್ಲಿ ತೀರಿಸಿಕೊಳ್ಳಬಹುದು. ರೇಷ್ಮೆ ಸಸ್ಯದ ನಾರಲ್ಲ, ಫೈಬ್ರಾಯಿನ್ ಎಂಬ ಪ್ರೋಟೀನು. ಅದರಲ್ಲಿನ ಟೈರೋಸಿನ್, ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲಗಳು ಬಿಸಿಲಿನ ನೇರಳಾತೀತ ಕಿರಣ ಹೀರಿ ಹಳದಿಗೆ ತಿರುಗುತ್ತವೆ, ಎಳೆ ಪೆಡಸಾಗಿ ಮುರಿಯುತ್ತದೆ. ಹಾಗಾಗಿ ಕಿಟಕಿಯ ಬಿಸಿಲು ನೇರ ಬೀಳುವ ಕಡೆ ರೇಷ್ಮೆ ಬೇಡ. ಉಳಿದೆಡೆ ಒಳಗೆ ಹತ್ತಿಯ ಲೈನಿಂಗ್ ಕೊಟ್ಟು, ಎಳೆತವೆಲ್ಲ ಅದರ ಮೇಲೆ ಬೀಳುವಂತೆ ಲಾಡಿಗಳನ್ನು ಲೈನಿಂಗಿಗೇ ಹೊಲಿದರೆ ಹಳೆಯ ಸೀರೆ ಇನ್ನಷ್ಟು ವರ್ಷ ತಡೆಯುತ್ತದೆ.