ಎಲ್ಲರ ಕೈ ಬಿದ್ದ ಗೋಡೆಗಳು

ಬಂಗಾಳದ ಶಾಂತಿನಿಕೇತನದಲ್ಲಿ, ಕಲಾಭವನ ಎಂಬ ಕಲಾಶಾಲೆಯ ಆವರಣದಲ್ಲಿ ಒಂದು ಕರಿಮನೆಯಿದೆ. ಅಲ್ಲಿಯವರ ಬಾಯಲ್ಲಿ ಅದು ‘ಕಾಲೋ ಬಾಡಿ’. ಮಣ್ಣಿನ ಗೋಡೆ, ಮಳೆ ಮತ್ತು ಗೆದ್ದಲಿನಿಂದ ಕಾಪಾಡಲು ಅದರ ಮೇಲೆ ಡಾಂಬರಿನ ಲೇಪ. ದೂರಕ್ಕೆ ಬರೀ ಕಪ್ಪು. ಹತ್ತಿರ ಹೋದರೆ, ಅದರಲ್ಲೂ ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಗೋಡೆಯ ಮೈತುಂಬ ಉಬ್ಬುಚಿತ್ರಗಳು ಕಾಣಿಸುತ್ತವೆ. ಭಾರ್ಹುತದ ಸ್ತೂಪದಿಂದ ಬಂದವು, ಮಹಾಬಲಿಪುರದಿಂದ ಬಂದವು, ಈಜಿಪ್ಟ್ ಮತ್ತು ಅಸ್ಸೀರಿಯಾದ ಶಿಲ್ಪಗಳ ನೆನಪಿನಲ್ಲಿ ಮೂಡಿದವು ಎಲ್ಲವೂ ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ಕುಳಿತಿವೆ. 1930ರ ದಶಕದ ನಡುವೆ ತಮ್ಮ ಗುರುಗಳಾದ ನಂದಲಾಲ್ ಬೋಸ್ ಮತ್ತು ರಾಮಕಿಂಕರ್ ಬೈಜ್ ಅವರ ಜೊತೆ ನಿಂತು ಇವನ್ನು ಮೆತ್ತಿದವರು ವಿದ್ಯಾರ್ಥಿಗಳು. ಈ ಮನೆ ಹಿರಿಯ ವಿದ್ಯಾರ್ಥಿಗಳ ಹಾಸ್ಟೆಲ್ಲೂ ಆಗಿತ್ತು. ತಾವು ಉಂಡು ಮಲಗುವ ಮನೆಯ ಗೋಡೆಯನ್ನು ತಾವೇ ಕಲೆಯಾಗಿಸಿದರು. ಯಾವ ಆಕೃತಿ ಯಾರ ಕೈಯದು ಎಂದು ಅಲ್ಲಿ ಎಲ್ಲೂ ಬರೆದಿಲ್ಲ.

1919ರಲ್ಲಿ ಆರಂಭವಾದ ಕಲಾಭವನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದ ಹೊರಬಂದ ದೊಡ್ಡ ಹೆಸರುಗಳ ಪಟ್ಟಿ ಕೊಡುತ್ತಾರೆ. ಆ ಹೆಸರುಗಳು ದೊಡ್ಡವೇ, ಸಂಶಯವಿಲ್ಲ. ಆದರೆ ನನಗೆ ಈ ಸಂಸ್ಥೆಯ ನಿಜವಾದ ಸಾಧನೆ ಅದರ ಹೆಸರಿಲ್ಲದ ಕೆಲಸಗಳಲ್ಲಿ ಕಾಣುತ್ತದೆ. ಹುಡುಗರು ಒಟ್ಟಿಗೆ ಸುಣ್ಣ ಕಲಸಿದರು, ಒಟ್ಟಿಗೆ ಅಟ್ಟಣಿಗೆ ಹತ್ತಿದರು, ಒಟ್ಟಿಗೆ ಗೋಡೆ ತುಂಬಿದರು. ಹಾಗೆ ಮಾಡುತ್ತ ಮಾಡುತ್ತ ಒಂದು ಶಾಲೆಯಾದರು.

ನಂದಲಾಲರಿಗೆ ಈ ಪಾಠ ಸಿಕ್ಕಿದ್ದರಲ್ಲಿ ಅಜಂತಾದ ಪಾಲು ದೊಡ್ಡದು. ಕಳೆದ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅಜಂತಾದ ಚಿತ್ರಗಳ ಪ್ರತಿ ತೆಗೆಯಲು ಬಂದಾಗ ಕಲ್ಕತ್ತೆಯಿಂದ ನೆರವಿಗೆ ಹೋದವರು ಅವನೀಂದ್ರನಾಥ ಟಾಗೋರರ ಶಿಷ್ಯರು. ನಂದಲಾಲರು ಅವರಲ್ಲಿ ಒಬ್ಬರು, ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಇನ್ನೊಬ್ಬರು. ವೆಂಕಟಪ್ಪನವರು ಮುಂದೆ ಏಕಾಂತದ ಸಾಧಕರಾದರು. ನಂದಲಾಲರು ಗುಂಪು ಕಟ್ಟಿದರು. ಗುಹೆಯ ಗೋಡೆ ತುಂಬಲು ಗುರು, ಶಿಷ್ಯ, ಬಣ್ಣ ಅರೆಯುವವ ಎಲ್ಲರೂ ಬೇಕು ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡಿದ್ದರು.

ಹಸಿ ಗಾರೆಯ ಭಿತ್ತಿಚಿತ್ರದ ಕೆಲಸವೇ ಹಾಗೆ. ಹಸಿ ಗಾರೆ ಇರುವಾಗಲೇ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯನ್ನು ಹೀರಿ ಗಟ್ಟಿಯಾಗುತ್ತ ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗಾರೆ ಒಣಗಿತೆಂದರೆ ಆ ದಿನದ ಆಟ ಮುಗಿಯಿತು. ಆದ್ದರಿಂದ ಇವತ್ತು ಎಷ್ಟು ಬಿಡಿಸಬಹುದೋ ಅಷ್ಟಕ್ಕೇ ಗಾರೆ ಮೆತ್ತಬೇಕು. ಒಬ್ಬ ಸುಣ್ಣ ಸೋಸುತ್ತಾನೆ, ಒಬ್ಬಳು ಕೆಮ್ಮಣ್ಣು ಅರೆಯುತ್ತಾಳೆ, ಇನ್ನೊಬ್ಬ ಕರಣೆ ಹಿಡಿದು ಗೋಡೆ ನಯಮಾಡುತ್ತಾನೆ, ಕುಂಚ ಹಿಡಿದವರು ಮೇಲೆ ಕಾಯುತ್ತಿರುತ್ತಾರೆ. ಒಬ್ಬರು ತಡಮಾಡಿದರೂ ಉಳಿದವರ ದಿನ ಹಾಳು. ಹೊಂದಿಕೊಂಡು ಬಾಳಿ ಎಂದು ಮಕ್ಕಳಿಗೆ ನೂರು ಸಲ ಹೇಳುವುದಕ್ಕಿಂತ ಒಂದು ಹಸಿ ಗೋಡೆಯ ಮುಂದೆ ನಿಲ್ಲಿಸುವುದು ಮೇಲು. ನಂದಲಾಲರು ಜೈಪುರದಿಂದ ನರಸಿಂಗಲಾಲ್ ಎಂಬ ಪರಂಪರೆಯ ಕುಶಲಕರ್ಮಿಯನ್ನು ಕರೆಸಿ, ಗಾರೆಯನ್ನು ಅಕೀಕ್ ಕಲ್ಲಿನಿಂದ ಉಜ್ಜಿ ಹೊಳಪು ತರುವ ಅಲ್ಲಿಯ ವಿಧಾನವನ್ನು ಕಲಿಸಿದರು. ಮೇಷ್ಟರೂ ಮಕ್ಕಳೂ ಅವರ ಪಕ್ಕ ನಿಂತು ಕಲಿತರು. ಹಳೆಯ ಗ್ರಂಥಾಲಯದ ಜಗಲಿಯ ಗೋಡೆಗಳಲ್ಲಿ ಆ ಕಲಿಕೆಯ ಫಲವಿದೆ.

ಈ ಕ್ರಮದ ಶಿಖರ ಎಂದು ನಾನು ಎಣಿಸುವುದು ಶಾಂತಿನಿಕೇತನದಲ್ಲೇ ಇರುವ ಹಿಂದಿ ಭವನದ ಭಿತ್ತಿಚಿತ್ರವನ್ನು. 1946–47ರಲ್ಲಿ ಕಲಾಭವನದ ಮೇಷ್ಟರಾಗಿದ್ದ ವಿನೋದ್ ಬಿಹಾರಿ ಮುಖರ್ಜಿ ಅಲ್ಲಿ ಮಧ್ಯಕಾಲದ ಸಂತರ ಬದುಕನ್ನು ಬರೆದರು. ಕಬೀರ, ಸೂರದಾಸ, ತುಳಸೀದಾಸರ ಜೊತೆಗೆ ನಮ್ಮ ಮೇಲುಕೋಟೆಯ ನಂಟಿನ ರಾಮಾನುಜರೂ ಆ ಜನಪ್ರವಾಹದಲ್ಲಿದ್ದಾರೆ. ವಿನೋದ್ ಬಿಹಾರಿಯವರಿಗೆ ಹುಟ್ಟಿನಿಂದಲೇ ದೃಷ್ಟಿ ತೀರ ಮಂದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಪೂರ್ತಿ ಕುರುಡರಾದರು. ಆದರೂ ಗೋಡೆಯಳತೆಯ ನಕ್ಷೆಯನ್ನು ಮೊದಲೇ ಸಿದ್ಧಪಡಿಸದೆ ನೇರ ಹಸಿ ಗಾರೆಯ ಮೇಲೆ ಬರೆಯುತ್ತ ಹೋದರು. ಅವರ ಕಣ್ಣಿಗೆ ಕಣ್ಣಾಗಿ, ಕೈಗೆ ಕೈಯಾಗಿ ನಿಂತವರು ವಿದ್ಯಾರ್ಥಿಗಳು. ಕೇರಳದಿಂದ ಬಂದಿದ್ದ ಕೆ.ಜಿ. ಸುಬ್ರಮಣ್ಯನ್ ಎಂಬ ತರುಣನೂ ಅವರಲ್ಲಿದ್ದ. ಅದೇ ಸುಬ್ರಮಣ್ಯನ್ ಮುಂದೆ ಕಲಾಭವನದ ಪ್ರಾಧ್ಯಾಪಕರಾಗಿ ವಿನ್ಯಾಸ ವಿಭಾಗದ ಕಟ್ಟಡದ ಹೊರಗೋಡೆಗಳನ್ನು ಕಪ್ಪುಬಿಳುಪಿನ ಚಿತ್ರಗಳಿಂದ ತುಂಬಿದರು. ಮಳೆಬಿಸಿಲಿಗೆ ಅವು ಮಾಸಿದಾಗ, 2009ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ ಮತ್ತೆ ಅಟ್ಟಣಿಗೆ ಹತ್ತಿ ಹೊಸದಾಗಿ ಬರೆದರು. ಈ ಸಲ ಕೆಳಗೆ ಬಣ್ಣ ಹಿಡಿದು ನಿಂತವರು ಅವರ ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು.

ಒಟ್ಟಿಗೆ ದುಡಿದ ಈ ಕೈಗಳು ಶಾಂತಿನಿಕೇತನದ ಹೊರಗೂ ಹೋದವು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ನಂದಲಾಲರಿಂದ ಅಲಂಕಾರ ಮಾಡಿಸಿದರು. ಹಳ್ಳಿಯ ಬಡಗಿ, ಕುಂಬಾರ, ಡೋಲು ಬಡಿಯುವವ ಇವರನ್ನೆಲ್ಲ ಚಿತ್ರಿಸಿದ ಎಂಬತ್ತಕ್ಕೂ ಹೆಚ್ಚು ಮೂಲ ಫಲಕಗಳು ಗುರುವಿನವು. ಅವನ್ನು ನೋಡಿ ಶಿಷ್ಯರು ತೆಗೆದ ಪ್ರತಿಗಳೂ ಸೇರಿ ಸುಮಾರು ನಾನೂರು ಫಲಕಗಳು ಅಧಿವೇಶನದ ಊರನ್ನು ತುಂಬಿದವು. ಇನ್ನೊಂದು ಕೆಲಸವನ್ನಂತೂ ನಮ್ಮ ಪ್ರತಿ ಶಾಲೆಯ ಮಕ್ಕಳೂ ನೋಡಿದ್ದಾರೆ, ಯಾರದೆಂದು ಗೊತ್ತಿಲ್ಲದೆ. ಸಂವಿಧಾನದ ಮೂಲಪ್ರತಿಯನ್ನು ಕೈಬರಹದಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಅದರ 22 ಚಿತ್ರಗಳು, ಪುಟದಂಚಿನ ಬಳ್ಳಿಹೂಗಳು ನಂದಲಾಲ್ ಮತ್ತು ಅವರ ಶಿಷ್ಯವೃಂದದವು. ಪ್ರಸ್ತಾವನೆಯ ಪುಟವನ್ನು ಸಿಂಗರಿಸಿದವರು ಬಿಯೋಹರ್ ರಾಮಮನೋಹರ್ ಸಿನ್ಹಾ. ಅಂಚಿನ ಮೂಲೆಯನ್ನು ಕಣ್ಣಿಟ್ಟು ನೋಡಿದರೆ ದೇವನಾಗರಿಯಲ್ಲಿ ‘ರಾಮ’ ಎಂಬ ಪುಟ್ಟ ಸಹಿ ಸಿಗುತ್ತದೆ. ಗಣರಾಜ್ಯದ ಹೊಸ್ತಿಲಲ್ಲಿ ದೇಶ ತನ್ನ ಅತಿ ಮುಖ್ಯ ಪುಸ್ತಕವನ್ನು ಒಂದು ಶಾಲೆಯ ಕೈಗಿತ್ತಿತು ಎಂಬುದು ನನಗೆ ಇವತ್ತಿಗೂ ರೋಮಾಂಚನದ ಸಂಗತಿ.

ಇನ್ನು ಹಬ್ಬಗಳ ಅಲ್ಪನಾ. ವಸಂತೋತ್ಸವ, ಗಿಡ ನೆಡುವ ಹಬ್ಬ, ನೇಗಿಲ ಹಬ್ಬ, ಯಾವುದೇ ಇರಲಿ, ನೆಲದ ಮೇಲೆ ಚಿತ್ತಾರ ಬೇಕು. ನಮ್ಮ ಮಲೆನಾಡಿನ ದೀವರ ಹಸೆ ಚಿತ್ತಾರದಲ್ಲಿರುವಂತೆ ಇಲ್ಲೂ ಮೂಲದಲ್ಲಿ ಬಿಳುಪಿಗೆ ಅಕ್ಕಿಹಿಟ್ಟು. ನಡುವಿನ ಆಕೃತಿಯನ್ನು ಅನುಭವಿಗಳು ಎಳೆದರೆ ಸುತ್ತಲಿನ ಎಸಳುಗಳನ್ನು ನಾಲ್ಕೂ ಕಡೆಯಿಂದ ಉಳಿದವರು ತುಂಬುತ್ತ ಬರುತ್ತಾರೆ. ಹಬ್ಬ ಮುಗಿಯುವಷ್ಟರಲ್ಲಿ ಜನರ ಕಾಲಡಿ ಅದು ಅಳಿಸಿಹೋಗಿರುತ್ತದೆ. ಯಾರಿಗೂ ಬೇಸರವಿಲ್ಲ.

ಇಲ್ಲಿ ನಮ್ಮ ಊರುಗಳ ಮಾತೊಂದನ್ನು ಹೇಳದೆ ಇರಲಾರೆ. ಸರ್ಕಾರಿ ಶಾಲೆಗಳ ಗೋಡೆಗೆ ರೈಲುಬೋಗಿಯ ಚಿತ್ರ, ಕಾಡುಪ್ರಾಣಿಗಳ ಚಿತ್ರ ಬರೆಸುವ ಒಳ್ಳೆಯ ರೂಢಿ ಬೆಳೆದಿದೆ. ಹಳೆಯ ವಿದ್ಯಾರ್ಥಿಗಳು, ದಾನಿಗಳು, ಸ್ವಯಂಸೇವಕರು ರಜೆಯಲ್ಲಿ ಬಂದು ಬಣ್ಣ ಬಳಿದು ಹೋಗುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಜೂನ್‌ನಲ್ಲಿ ಬಾಗಿಲು ತೆರೆದಾಗ ಮಕ್ಕಳಿಗೆ ಸಿಗುವುದು ಬೇರೆಯವರು ಮುಗಿಸಿಟ್ಟ ಗೋಡೆ. ಒಂದು ಗೋಡೆಯನ್ನಾದರೂ ಅವರಿಗೆ ಬಿಟ್ಟುಕೊಡಿ ಎಂದು ಕೇಳಬೇಕೆನಿಸುತ್ತದೆ. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳು ಎಷ್ಟೋ ಇವೆ, ಒಪ್ಪುತ್ತೇನೆ. ಆದರೆ ಸುಣ್ಣ, ಕೆಮ್ಮಣ್ಣು, ಇದ್ದಿಲು ಎಲ್ಲ ಊರಲ್ಲೂ ಇವೆ, ಹಸೆ ಬರೆಯುವ ಅಜ್ಜಿಯರೂ ಕೆಲವು ಊರುಗಳಲ್ಲಿದ್ದಾರೆ. ಏಳನೆಯವರು ಗೆರೆ ಎಳೆದು ನಾಲ್ಕನೆಯವರು ಬಣ್ಣ ತುಂಬಿದ ಗೋಡೆ ಸೊಟ್ಟಗಿರಬಹುದು. ಇರಲಿ.

ಕಲಾಭವನಕ್ಕೂ ಕನ್ನಡನಾಡಿಗೂ ವೆಂಕಟಪ್ಪನವರಿಗಿಂತ ನೇರವಾದ ನಂಟೊಂದಿದೆ. ಧಾರವಾಡದಲ್ಲಿ 1918ರಲ್ಲಿ ಹುಟ್ಟಿದ ದಿನಕರ ಕೌಶಿಕರು 1940ರ ದಶಕದಲ್ಲಿ ಅಲ್ಲಿ ಓದಿದರು. ಸತ್ಯಜಿತ್ ರಾಯ್ ಅಲ್ಲಿ ಅವರ ಗೆಳೆಯರಾಗಿದ್ದರು. 1967ರಲ್ಲಿ ಕೌಶಿಕರು ಪ್ರಾಚಾರ್ಯರಾಗಿ ಮರಳಿ, ಸೋಮನಾಥ್ ಹೋರ್ ಅವರಂಥ ಕಲಾವಿದರನ್ನು ಕರೆತಂದು ಸಂಸ್ಥೆಗೆ ಹೊಸ ಉಸಿರು ತುಂಬಿದರು. ನಂದಲಾಲರ ಬದುಕಿನ ಕುರಿತು ಪುಸ್ತಕವನ್ನೂ ಬರೆದರು. ಅವರ ಕಾಲದಲ್ಲೇ, 1973ರಲ್ಲಿ, ಶುರುವಾದದ್ದು ನಂದನ ಮೇಳ.

ಕಾಯಿಲೆ ಬಿದ್ದ, ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಶಾಲೆಯೇ ಆಸರೆಯಾಗಬೇಕು. ಅದಕ್ಕೆ ನಿಧಿ ಬೇಕು, ಆ ನಿಧಿಯನ್ನು ತಾವೇ ಗಳಿಸಬೇಕು. ಮೇಳದ ಹಿಂದಿನ ಯೋಚನೆ ಇಷ್ಟೇ. ನಂದಲಾಲರ ಜನ್ಮದಿನ ಡಿಸೆಂಬರ್ 3, ಅದರ ಹಿಂದಿನ ಎರಡು ದಿನ ಮೇಳ. ಚಿತ್ರಕಲೆ, ಶಿಲ್ಪ, ಮುದ್ರಣಕಲೆ, ವಿನ್ಯಾಸ, ಕಲಾ ಇತಿಹಾಸ ಎಲ್ಲ ವಿಭಾಗಗಳೂ ಮಳಿಗೆ ಹಾಕುತ್ತವೆ. ಕೈಯಲ್ಲಿ ಹೊಲಿದ ಡೈರಿ, ಅಚ್ಚೊತ್ತಿದ ಕ್ಯಾಲೆಂಡರ್, ಮಣ್ಣಿನ ಬಟ್ಟಲು, ಬಾಟಿಕ್ ಬಟ್ಟೆ, ಶುಭಾಶಯ ಪತ್ರ ಸಾಲುಸಾಲಾಗಿ ಇರುತ್ತವೆ. ಹೆಸರುವಾಸಿ ಮೇಷ್ಟರ ಚಿತ್ರವೂ ಮೊದಲ ವರ್ಷದ ಹುಡುಗಿಯ ಮಣಿಸರವೂ ಒಂದೇ ಮೇಳದಲ್ಲಿ ಮಾರಾಟಕ್ಕಿರುತ್ತವೆ, ಹಣ ಸೇರುವುದು ಒಂದೇ ಹುಂಡಿಗೆ. ತಿಂಡಿ ಅಂಗಡಿಯಲ್ಲಿ ಬಡಿಸುವವರೂ ವಿದ್ಯಾರ್ಥಿಗಳೇ. ಹೊರನೋಟಕ್ಕೆ ಸಂತೆ. ಆದರೆ ಮಾರುವವನ ಗೆಳೆಯನ ಆಸ್ಪತ್ರೆಯ ಬಿಲ್ಲು ಇದರಿಂದ ತೀರಬಹುದು ಎಂದು ತಿಳಿದ ಮೇಲೆ ಚೌಕಾಸಿ ಮಾಡಲು ಮನಸ್ಸು ಬಾರದು.

2023ರ ಸೆಪ್ಟೆಂಬರ್‌ನಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೋಗುವ ಮನಸ್ಸಿದ್ದವರು ಹೌರಾದಿಂದ ರೈಲು ಹಿಡಿದರೆ ಸುಮಾರು 150 ಕಿಲೋಮೀಟರ್ ದೂರದ ಬೋಲ್‌ಪುರದಲ್ಲಿ ಇಳಿಯಬೇಕು. ಬುಧವಾರ ಅಲ್ಲಿ ವಾರದ ರಜೆ, ಅದನ್ನು ತಪ್ಪಿಸಿ. ಡಿಸೆಂಬರ್ ಒಂದು, ಎರಡಕ್ಕೆ ಹೊಂದಿಸಿಕೊಂಡರೆ ಗೋಡೆಗಳ ಜೊತೆಗೆ ಗೋಡೆ ತುಂಬುವ ಕೈಗಳೂ ಕಾಣಸಿಗುತ್ತವೆ. ಶಾಲಾ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಮೇಷ್ಟರುಗಳು ಮಕ್ಕಳ ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಇಟ್ಟು ಕಳಿಸಲು ಪೋಷಕರಿಗೆ ಮೊದಲೇ ಹೇಳಿರಲಿ.