ತಕ್ಕಡಿಗೆ ಮುದ್ರೆ ಬೇಕು, ತೊಟ್ಟಿಲಿಗೆ ಬೇಡವೇ?

ಕೊಬ್ಬರಿ ತೂಗುವ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ತುರುವೇಕೆರೆಗೆ ಹೋಗುವ ಬಸ್ಸಿಗೆ ಎಫ್.ಸಿ. ಬೇಕು. ಇಲ್ಲದಿದ್ದರೆ ದಂಡ. ಸರಿ, ನಮ್ಮ ಹೆಂಡತಿ ಮಕ್ಕಳನ್ನು ತೆಂಗಿನ ಮರದೆತ್ತರಕ್ಕೆ ಎತ್ತಿ ತಿರುಗಿಸುವ ಜಾತ್ರೆಯ ಜೈಂಟ್ ವೀಲಿಗೆ ಏನು ಬೇಕು ಸ್ವಾಮಿ? ನಾಲ್ಕು ಬಣ್ಣದ ಬಲ್ಬು, ಕಿವಿ ಒಡೆಯೋ ಮೈಕು, ಇಷ್ಟಿದ್ದರೆ ಸಾಕೆ?

ತೊಟ್ಟಿಲಾಟ ನಮ್ಮ ಸೀಮೆಗೆ ಹೊಸದಲ್ಲ. ಹಿಂದೆ ಇದ್ದದ್ದು ಮರದ ರಾಟೆ ತೊಟ್ಟಿಲು. ನಾಲ್ಕು ಪೆಟ್ಟಿಗೆ, ತಿರುಗಿಸೋಕೆ ಇಬ್ಬರು ಆಳು. ಮಗು ಅತ್ತರೆ ಕೈಲಿ ಹಿಡಿದು ನಿಲ್ಲಿಸೋರು. ಈಗಿನದು ಟನ್‌ಗಟ್ಟಲೆ ಕಬ್ಬಿಣ, ಮೋಟಾರಿನ ವೇಗ. ಕೂಗಿದರೂ ಮೈಕಿನ ಗಲಾಟೆಯಲ್ಲಿ ಕೇಳಿಸೋದಿಲ್ಲ.

ಈ ಕಬ್ಬಿಣದ ಚಕ್ರದ ಮೂಲಪುರುಷ ಅಮೆರಿಕದ ಫೆರಿಸ್ ಎಂಬ ಇಂಜಿನಿಯರ್. 1893ರ ಶಿಕಾಗೋ ವಸ್ತುಪ್ರದರ್ಶನದಲ್ಲಿ ಆತ ನಿಲ್ಲಿಸಿದ ಚಕ್ರದ ಎತ್ತರ 264 ಅಡಿ. 36 ಪೆಟ್ಟಿಗೆ, ಒಂದೊಂದರಲ್ಲಿ 60 ಜನ. ಅಂಥ ಚಕ್ರವನ್ನು ಅದರ ಆಯುಷ್ಯದಲ್ಲಿ ಬಿಚ್ಚಿ ಬೇರೆ ಕಡೆ ಕೂರಿಸಿದ್ದು ಎರಡೇ ಸಲ. ನಮ್ಮ ಜಾತ್ರೆಯ ಚಕ್ರ? ಇವತ್ತು ಎಡೆಯೂರು, ನಾಳೆ ಗುಬ್ಬಿ, ನಾಡಿದ್ದು ಇನ್ನೆಲ್ಲೋ. ಪ್ರತಿ ಸಲ ಬಿಚ್ಚಬೇಕು, ಲಾರಿಗೆ ತುಂಬಬೇಕು, ರಾತ್ರೋರಾತ್ರಿ ಮತ್ತೆ ಜೋಡಿಸಬೇಕು.

ಮರ್ಮ ಇರೋದೇ ಇಲ್ಲಿ. ಪ್ರತಿ ಸಲ ಜೋಡಿಸಿದ ಚಕ್ರ ಒಂದು ಹೊಸ ಯಂತ್ರವೇ. ಹೋದ ಊರಲ್ಲಿ ಸರಿಯಿದ್ದ ಬೋಲ್ಟು ಈ ಊರಲ್ಲಿ ಸಡಿಲವಿರಬಹುದು. ಕಳೆದುಹೋದ ಪಿನ್ನಿನ ಜಾಗಕ್ಕೆ ತಂತಿ ಸುತ್ತಿರಬಹುದು. ಅಲ್ಲಿ ಗಟ್ಟಿ ನೆಲ, ಇಲ್ಲಿ ಕೆರೆಯಂಗಳದ ಮೆತ್ತನೆ ಮಣ್ಣು. ಒಂದು ಮಳೆ ಬಿದ್ದರೆ ಕಾಲಡಿಯ ಮರದ ದಿಮ್ಮಿ ಒಂದು ಕಡೆ ಕುಸಿಯುತ್ತೆ. ಜನರೇಟರಿನ ವೈರು ಕಬ್ಬಿಣಕ್ಕೆ ಉಜ್ಜಿದರಂತೂ ಕೇಳೋದೇ ಬೇಡ.

ಇದೆಲ್ಲ ಹೆದರಿಸೋಕೆ ಹೇಳುವ ಮಾತಲ್ಲ. 2023ರ ಜನವರಿಯಲ್ಲಿ ನಮ್ಮದೇ ರಾಜ್ಯದ ಶ್ರೀರಂಗಪಟ್ಟಣದ ಜಾತ್ರೆಯಲ್ಲಿ ಜೈಂಟ್ ವೀಲ್ ಹತ್ತಿದ್ದ ಬಾಲಕಿಯೊಬ್ಬಳ ಕೂದಲು ಯಂತ್ರಕ್ಕೆ ಸಿಕ್ಕಿ ನೆತ್ತಿಯ ಚರ್ಮವೇ ಕಿತ್ತು ಬಂತು. 2022ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಮೊಹಾಲಿಯ ಮೇಳದಲ್ಲಿ ಮೇಲೇರಿದ ಆಟದ ಗೋಪುರ ಜನರ ಸಮೇತ ದೊಪ್ಪನೆ ಕೆಳಗೆ ಬಿತ್ತು. 2019ರ ಜುಲೈಯಲ್ಲಿ ಅಹಮದಾಬಾದಿನ ಕಂಕರಿಯಾದಲ್ಲಿ ಲೋಲಕದಂತೆ ತೂಗುವ ಆಟ ಮುರಿದು ಬಿದ್ದು ಜೀವಗಳೇ ಹೋದವು. ಆ ಕಂಕರಿಯಾದ ಯಂತ್ರವಾದರೂ ಕೂತಲ್ಲೇ ಕೂತಿದ್ದದ್ದು. ಊರೂರು ಸುತ್ತುವ ಚಕ್ರಕ್ಕೆ ಎಷ್ಟು ಎಚ್ಚರ ಬೇಕು, ನೀವೇ ಲೆಕ್ಕ ಹಾಕಿ.

ವ್ಯಾಪಾರಿಗಳಿಗೆ ಒಂದು ವಿಷಯ ಗೊತ್ತು. ಲಾರಿ ತೂಗುವ ವೇಬ್ರಿಡ್ಜನ್ನು ಬಿಚ್ಚಿ ಬೇರೆ ಕಡೆ ಕೂರಿಸಿದರೆ ಹಳೇ ಮುದ್ರೆ ನಡೆಯೋದಿಲ್ಲ. ಹೊಸದಾಗಿ ಪರೀಕ್ಷೆಯಾಗಿ ಮುದ್ರೆ ಬೀಳಬೇಕು. ಕೊಬ್ಬರಿ ಮೂಟೆಗೆ ಇರುವ ಈ ನ್ಯಾಯ ಮಕ್ಕಳ ಜೀವಕ್ಕೂ ಇರಬೇಡವೇ? ಚಕ್ರ ಎದ್ದು ನಿಂತ ಮೇಲೆ, ಮೊದಲ ಟಿಕೆಟ್ ಹರಿಯುವ ಮುಂಚೆ, ಬಲ್ಲ ಇಂಜಿನಿಯರ್ ಒಬ್ಬರು ಬೋಲ್ಟು ಬೋಲ್ಟು ಮುಟ್ಟಿ ನೋಡಬೇಕು. ಖಾಲಿ ತಿರುಗಿಸಿ, ಆಮೇಲೆ ಮರಳು ಮೂಟೆ ಕೂರಿಸಿ ತಿರುಗಿಸಿ, ಸಹಿ ಹಾಕಿದ ಕಾಗದವನ್ನು ಟಿಕೆಟ್ ಕಿಂಡಿಯಲ್ಲೇ ಅಂಟಿಸಬೇಕು. ಹೋದ ಊರಿನ ಕಾಗದ ಈ ಊರಿಗೆ ಬೇಡ. ನೆಲಬಾಡಿಗೆ ಎಣಿಸಿಕೊಳ್ಳುವವರು ಈ ಕಾಗದವನ್ನೂ ಕೇಳಿ ಪಡೆಯಲಿ.

ಚಕ್ರ ನಿಲ್ಲಿಸುವ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ನಿದ್ದೆಗೆಟ್ಟು, ಬರಿಗಾಲಲ್ಲಿ ಕಬ್ಬಿಣ ಹತ್ತಿ ಹೊಟ್ಟೆ ಹೊರೆಯುವವರು ಅವರು. ಚಕ್ರ ಬಿದ್ದರೆ ಮೊದಲು ಸಾಯೋದೂ ಅವರೇ.

ಕಾಗದ ಬರೋವರೆಗೆ ನಮ್ಮ ಎಚ್ಚರ ನಮಗಿರಲಿ. ಹೆಣ್ಣುಮಕ್ಕಳು ಜಡೆ ಬಿಗಿದು ಕಟ್ಟಿ, ಸೆರಗು, ದುಪ್ಪಟ್ಟಾ ಸಿಕ್ಕಿಸಿಕೊಂಡು ಹತ್ತಲಿ. ಪೆಟ್ಟಿಗೆಯ ಬಾಗಿಲಿಗೆ ಅಗುಳಿ ಬಿದ್ದಿದೆಯೇ ನೋಡಿ. ಚಿಕ್ಕ ಮಗುವನ್ನು ಒಂಟಿಯಾಗಿ ಕೂರಿಸಬೇಡಿ. ಒಂದೇ ಮಗ್ಗುಲಿನ ಪೆಟ್ಟಿಗೆಗಳಿಗೆ ಜನ ತುಂಬಿ ಇನ್ನೊಂದು ಮಗ್ಗುಲು ಖಾಲಿ ಬಿಟ್ಟಿದ್ದರೆ, ಗಾಳಿ ಮಳೆ ಎದ್ದಿದ್ದರೆ, ಹತ್ತಲೇಬೇಡಿ. "ಏನೂ ಆಗಲ್ಲ ಹತ್ತಿ ಸಾರ್" ಅನ್ನೋ ಮಾತನ್ನು ನಂಬಬೇಡಿ.

ತೆಂಗಿನ ಮರ ಹತ್ತುವವನು ಎಷ್ಟೇ ಪಳಗಿದ್ದರೂ ಹಗ್ಗ ಎಳೆದು ನೋಡಿಯೇ ಕಾಲಿಡೋದು. ನಿನ್ನೆ ಹತ್ತಿದ್ದೆ ಅಂತ ಇವತ್ತು ನೋಡದೆ ಹತ್ತೋದಿಲ್ಲ. ಅವನಿಗಿರುವ ಬುದ್ಧಿ ಪರವಾನಗಿಗೆ ಸಹಿ ಹಾಕುವ ಕೈಗೂ ಬಂದೀತೇ? ಮುಂದಿನ ಜಾತ್ರೆಯ ಗುಂಡಿ ತೋಡುವ ಮುಂಚೆ ಸಂಬಂಧಪಟ್ಟವರು ಉತ್ತರ ಹೇಳಲಿ.